ಒಂದೇ ಸರ್ಕಾರ, ಒಂದು ಕಚೇರಿ ತೆರೆದಿತ್ತು, ಇನ್ನೊಂದು ಮುಚ್ಚಿತ್ತು: ಅಮೆರಿಕದ ಬಜೆಟ್‌ನಲ್ಲಿ ಯಾರ ಕೆಲಸ ಏನು?

ಬೆಣ್ಣೆದೋಸೆ_ಕೊಲಂಬಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಓಹಾಯೋದ ಕೊಲಂಬಸ್‌ಗೆ ಬಂದು ಐದು ವರ್ಷ ಆಯಿತು. ಈ ವರ್ಷ, ಅಂದರೆ 2025ರ ಸೆಪ್ಟೆಂಬರ್ ಕೊನೆಗೆ ಹೊಸ ಕೆಲಸ ಸಿಕ್ಕಿತು. ಎಚ್‌-1ಬಿ (ಕೆಲಸದ ವೀಸಾ) ಹೊಸ ಕಂಪನಿಗೆ ಬದಲಾಗಬೇಕು, ಅದಕ್ಕೂ ಮೊದಲು ಎಲ್‌ಸಿಎ ಬೇಕು, ಅಂದರೆ ಕಂಪನಿ ಕಾರ್ಮಿಕ ಇಲಾಖೆಯಿಂದ ಪಡೆಯಬೇಕಾದ ಒಪ್ಪಿಗೆ. ಏಳು ಕೆಲಸದ ದಿನದಲ್ಲಿ ಬರುವ ಕಾಗದ ಅದು. ಅಷ್ಟರಲ್ಲಿ ಅಕ್ಟೋಬರ್ 1ಕ್ಕೆ ಶಟ್‌ಡೌನ್ (ದುಡ್ಡು ಮಂಜೂರಾಗದೆ ಸರ್ಕಾರಿ ಕಚೇರಿಗಳು ಮುಚ್ಚುವುದು) ಶುರುವಾಯಿತು. ಎಲ್‌ಸಿಎ ಹಾಕುವ ವೆಬ್‌ಸೈಟೇ ಬಂದ್. ಆದರೆ ಮುಂದಿನ ಅರ್ಜಿ ತೆಗೆದುಕೊಳ್ಳುವ ವಲಸೆ ಕಚೇರಿ ಯುಎಸ್‌ಸಿಐಎಸ್ ಎಂದಿನಂತೆ ನಡೆಯುತ್ತಿತ್ತು. ಮದುವೆ ಮನೆಯಲ್ಲಿ ಊಟದ ಹಾಲ್ ತೆರೆದಿಟ್ಟು ಮೆಟ್ಟಿಲಿಗೆ ಬೀಗ ಹಾಕಿದ ಹಾಗೆ.

ನವೆಂಬರ್ 12ಕ್ಕೆ ಶಟ್‌ಡೌನ್ ಮುಗಿಯಿತು, 43 ದಿನ. ನನ್ನ ಕೆಲಸವೂ ಆಯಿತು ಅನ್ನಿ. ಆದರೆ ತಲೆಯಲ್ಲಿ ಹುಳ ಬಿಟ್ಟುಕೊಂಡಿದ್ದೇನೆ. ಒಂದೇ ಸರ್ಕಾರದಲ್ಲಿ ಒಬ್ಬರಿಗೆ ದುಡ್ಡಿದೆ, ಒಬ್ಬರಿಗೆ ಇಲ್ಲ ಅಂದರೆ ಏನರ್ಥ? ನಮ್ಮಲ್ಲಾದರೆ ಹಣಕಾಸು ಸಚಿವರು ಫೆಬ್ರವರಿ 1ಕ್ಕೆ ಓದುತ್ತಾರೆ, ಟಿವಿಯಲ್ಲಿ ಯಾವುದು ಏರಿಕೆ ಯಾವುದು ಇಳಿಕೆ ಅಂತ ಬರುತ್ತದೆ, ಮುಗಿಯಿತು. ಇಲ್ಲಿ ಬಜೆಟ್ ಮಾಡುವವರು ಯಾರು? ಒಎಂಬಿ, ಸಿಬಿಒ, ಜಿಎಒ, ಟ್ರೆಶರಿ ಅಂತ ದಿನಾ ಪೇಪರ್‌ನಲ್ಲಿ ನೋಡುತ್ತೇನೆ, ಯಾವುದು ಯಾರ ಕೆಳಗೆ ಅಂತಲೂ ಗೊತ್ತಿಲ್ಲ. ಒಳಗೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಪಟ್ಟಿ ಬೇಡ, ಪಟ್ಟಿ ನಾನೇ ಹುಡುಕಿಕೊಂಡಿದ್ದೇನೆ.

ರಾಗಿಮುದ್ದೆ_ಆಸ್ಟಿನ್

ಇಷ್ಟೇ ಗುರು. ಅಧ್ಯಕ್ಷರು ಬಜೆಟ್ ಮಾಡುತ್ತಾರೆ, ಕಾಂಗ್ರೆಸ್ (ಇಲ್ಲಿನ ಸಂಸತ್ತು) ಸಹಿ ಹಾಕುತ್ತದೆ, ಟ್ರೆಶರಿ (ಖಜಾನೆ ಇಲಾಖೆ) ದುಡ್ಡು ಕೊಡುತ್ತದೆ. ಮಧ್ಯೆ ಜಗಳ ಬಂದರೆ ಶಟ್‌ಡೌನ್.

ಖಜಾನೆ_ಮಗಳು

ಆಸ್ಟಿನ್‌ನವರೇ, ಬೇಜಾರು ಮಾಡಿಕೊಳ್ಳಬೇಡಿ. ಅಧ್ಯಕ್ಷರು ಮಾಡುವುದು ಬೇಡಿಕೆ ಪಟ್ಟಿ. ಕಾಂಗ್ರೆಸ್ ಸಹಿ ಹಾಕುವುದಿಲ್ಲ, ಕಾಯಿದೆ ಬರೆಯುತ್ತದೆ. ಸಹಿ ಅಧ್ಯಕ್ಷರದು. ಟ್ರೆಶರಿ ಕೊಡುತ್ತದೆ, ಆದರೆ ಅದಕ್ಕೂ ಮೊದಲು ಇನ್ನೊಬ್ಬರು ಬಿಡಬೇಕು.

ಕೊಲಂಬಸ್ ತಮ್ಮಾ, ನಾನು ಮೇರಿಲ್ಯಾಂಡ್‌ನಲ್ಲಿದ್ದೇನೆ. ಇಲ್ಲಿನ ಒಂದು ಫೆಡರಲ್ ಸಂಸ್ಥೆಯ ಬಜೆಟ್ ವಿಭಾಗದಲ್ಲಿ 22 ವರ್ಷ ಕೆಲಸ ಮಾಡಿ ಎರಡು ವರ್ಷದ ಹಿಂದೆ ನಿವೃತ್ತಳಾದೆ. ಸಂಸ್ಥೆಯ ಹೆಸರು ಬೇಡ. ನಮ್ಮಪ್ಪ ಅರಸೀಕೆರೆ ಉಪಖಜಾನೆಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿದ್ದರು. ಬಿಲ್ ಎಲ್ಲಿ ಹೋಯಿತು ಅಂತ ಮೇಷ್ಟ್ರುಗಳು ಮನೆಗೇ ಬರುತ್ತಿದ್ದರು. ಅಪ್ಪ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಮಂಜೂರಾಗಿದೆ ಸ್ವಾಮಿ, ಬಿಡುಗಡೆ ಆಗಿಲ್ಲ." ನಾನು ವಾಷಿಂಗ್ಟನ್‌ನಲ್ಲಿ ಎರಡು ದಶಕ ಮಾಡಿದ್ದೂ ಇದೇ ಮಾತಿನ ಇಂಗ್ಲಿಷ್ ಅನುವಾದ.

ಮೊದಲು ನಿಮ್ಮ ಪ್ರಶ್ನೆ. ಯುಎಸ್‌ಸಿಐಎಸ್ ಹೆಚ್ಚುಕಮ್ಮಿ ಪೂರ್ತಿ ನಡೆಯುವುದು ನೀವೆಲ್ಲ ಕಟ್ಟುವ ಶುಲ್ಕದಿಂದ. ಆ ಶುಲ್ಕ ಅದರದೇ ಖಾತೆಗೆ ಬೀಳುತ್ತದೆ, ಪ್ರತಿ ವರ್ಷ ಕಾಂಗ್ರೆಸ್ ಬಾಗಿಲು ತಟ್ಟಬೇಕಿಲ್ಲ. ಎಲ್‌ಸಿಎ ನೋಡುವುದು ಕಾರ್ಮಿಕ ಇಲಾಖೆ. ಎಲ್‌ಸಿಎ ಅರ್ಜಿಗೆ ಶುಲ್ಕವೇ ಇಲ್ಲ, ಗಮನಿಸಿದ್ದೀರಾ? ಅಲ್ಲಿನ ಸಂಬಳ ಬಹುಪಾಲು ಕಾಂಗ್ರೆಸ್ ವರ್ಷ ವರ್ಷ ಕೊಡುವ ದುಡ್ಡಿನಿಂದ. ಸೆಪ್ಟೆಂಬರ್ 30ರ ರಾತ್ರಿ 12ಕ್ಕೆ ಹಳೇ ಕಾಯಿದೆ ಮುಗಿಯಿತು, ಹೊಸದು ಬಂದಿರಲಿಲ್ಲ. ಅಷ್ಟೇ. ಅಲ್ಲಿ ಕೂತವರ ತಪ್ಪೇನೂ ಇಲ್ಲ. ನೀವು ದುಡ್ಡು ಕೊಡುವ ಕಿಟಕಿ ತೆರೆದಿತ್ತು, ಪುಕ್ಕಟೆ ಕಿಟಕಿ ಮುಚ್ಚಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. 2024ರ ಹಣಕಾಸು ವರ್ಷದಲ್ಲಿ ಈ ಸರ್ಕಾರ ಖರ್ಚು ಮಾಡಿದ್ದು ಸುಮಾರು 6.8 ಲಕ್ಷ ಕೋಟಿ ಡಾಲರ್. (ಟ್ರಿಲಿಯನ್ ಅಂದರೆ ನಮ್ಮ ಲಕ್ಷ ಕೋಟಿ, ಲೆಕ್ಕ ಸುಲಭ.) ಅದರಲ್ಲಿ ಕಾಂಗ್ರೆಸ್ ಪ್ರತಿ ವರ್ಷ ಕೂತು ಮಂಜೂರು ಮಾಡುವುದು ಸುಮಾರು 1.8 ಲಕ್ಷ ಕೋಟಿ ಮಾತ್ರ. ಉಳಿದದ್ದು ಸೋಷಿಯಲ್ ಸೆಕ್ಯುರಿಟಿ ಪಿಂಚಣಿ, ವೃದ್ಧರ ಮತ್ತು ಬಡವರ ಆರೋಗ್ಯ ವಿಮೆಗಳಾದ ಮೆಡಿಕೇರ್, ಮೆಡಿಕೇಡ್‌ನಂಥವು, ಮತ್ತೆ ಸಾಲದ ಬಡ್ಡಿ. ಇವಕ್ಕೆ ಹಳೇ ಕಾಯಿದೆಗಳಿವೆ, ತಾವೇ ನಡೆಯುತ್ತವೆ. ಬಡ್ಡಿಯೊಂದೇ ಸುಮಾರು 88 ಸಾವಿರ ಕೋಟಿ ಡಾಲರ್. ಹಾಗಾಗಿ ಶಟ್‌ಡೌನ್ ದಿನಗಳಲ್ಲೂ ಪಕ್ಕದ ಮನೆ ಅಜ್ಜಿಯ ಪಿಂಚಣಿ ತಪ್ಪಲಿಲ್ಲ. ಜಗಳ ಎಲ್ಲ ಆ ಕಾಲು ಭಾಗದ ಮೇಲೆ. ನಾನು ದುಡಿದದ್ದೂ ಆ ಕಾಲು ಭಾಗದಲ್ಲೇ.

ಈಗ ಯಾರ ಕೆಲಸ ಏನು ಅನ್ನುವುದು. ಒಂದು ಏಸಿಯ ಕಥೆ ಹೇಳುತ್ತೇನೆ, ಅದರಲ್ಲೇ ಎಲ್ಲರೂ ಬರುತ್ತಾರೆ.

ನಮ್ಮ ಒಂದು ಪ್ರಯೋಗಾಲಯದ ಏಸಿ ಯಂತ್ರ ಹಳೆಯದಾಗಿತ್ತು. ಕೊಳವೆಯಿಂದ ನೀರು ಸೋರುತ್ತಿತ್ತು, ಕೆಳಗೆ ಒಂದು ನೀಲಿ ಬಕೆಟ್ ಇಟ್ಟಿದ್ದೆವು. ಅದನ್ನು ಬದಲಿಸಲು ದುಡ್ಡು ಕೇಳಬೇಕು. ಇಲ್ಲಿ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಸಂಸ್ಥೆ ತನ್ನ ಕೆಲಸ ಶುರು ಮಾಡುವುದು ಅದಕ್ಕೂ ಸುಮಾರು ಒಂದೂವರೆ ವರ್ಷ ಮೊದಲು. ಅಂದರೆ ಒಂದು ವರ್ಷದ ದುಡ್ಡು ಖರ್ಚು ಮಾಡುತ್ತಾ, ಮುಂದಿನ ವರ್ಷದ್ದನ್ನು ಕಾಂಗ್ರೆಸ್‌ನಲ್ಲಿ ಸಮರ್ಥಿಸುತ್ತಾ, ಅದರ ಮುಂದಿನದನ್ನು ಬರೆಯುತ್ತಿರುತ್ತೇವೆ. ಮೂರು ವರ್ಷ ಒಂದೇ ಮೇಜಿನ ಮೇಲೆ. ತಪ್ಪು ವರ್ಷದ ಕಡತಕ್ಕೆ ತಪ್ಪು ಅಂಕಿ ಹೋಗದಿರಲಿ ಅಂತ ನಾನು ಮೂರು ಬಣ್ಣದ ಫೈಲು ಇಟ್ಟುಕೊಂಡಿದ್ದೆ.

ಸೆಪ್ಟೆಂಬರ್‌ನಲ್ಲಿ ನಮ್ಮ ಬೇಡಿಕೆ ಒಎಂಬಿಗೆ ಹೋಯಿತು. ಇದು ಅಧ್ಯಕ್ಷರ ಕಚೇರಿಯ ಭಾಗ. 1921ರ ಕಾಯಿದೆಯಲ್ಲಿ ಬಜೆಟ್ ಬ್ಯೂರೋ ಅಂತ ಹುಟ್ಟಿತು, ಮೊದಲು ಟ್ರೆಶರಿ ಒಳಗಿತ್ತು, 1939ರಲ್ಲಿ ಅಧ್ಯಕ್ಷರ ಕಚೇರಿಗೆ ಬಂತು, 1970ರಲ್ಲಿ ಈಗಿನ ಹೆಸರು. ಇಡೀ ಕಚೇರಿಯಲ್ಲಿ ಇರುವವರು ಸುಮಾರು 500 ಜನ. ನಮ್ಮ ಸಂಸ್ಥೆಗೆ ಒಬ್ಬ ಎಕ್ಸಾಮಿನರ್, ಅಂದರೆ ಬೇಡಿಕೆ ಪರಿಶೀಲಿಸುವವ. ಆ ಹುಡುಗನಿಗೆ 28 ವರ್ಷ ಇದ್ದೀತು. 11 ಪುಟದ ಸಮರ್ಥನೆ ಬರೆದಿದ್ದೆ. ಫೋನ್ ಮಾಡಿ ಕೇಳಿದ್ದು ಒಂದೇ: "ಮೇಡಂ, ಹೋದ ವರ್ಷ ರಿಪೇರಿಗೆ ಅಂತ ಕೊಟ್ಟಿದ್ದರಲ್ಲ, ಅದರಲ್ಲಿ ಎಷ್ಟು ಉಳಿದಿದೆ?" ಅಪ್ಪ ಇದ್ದಿದ್ದರೆ ಅವನನ್ನು ಮೆಚ್ಚಿಕೊಳ್ಳುತ್ತಿದ್ದರು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲಿ ಒಎಂಬಿಯಿಂದ ಉತ್ತರ ಬರುತ್ತದೆ, ಅದಕ್ಕೆ ಪಾಸ್‌ಬ್ಯಾಕ್ ಅನ್ನುತ್ತಾರೆ. ಊರೆಲ್ಲ ಟರ್ಕಿ ಬೇಯಿಸುವ ವಾರ, ನಮಗೆ ಎದೆಬಡಿತದ ವಾರ. ಏಸಿ ಸಾಲಿನ ಎದುರು ಇದ್ದದ್ದು: 0. ಮೇಲ್ಮನವಿಗೆ ಮೂರು ದಿನ. ಈ ಸಲ 11 ಪುಟ ಬರೆಯಲಿಲ್ಲ. ಆ ನೀಲಿ ಬಕೆಟ್‌ನ ಫೋಟೋ, ಪಕ್ಕದಲ್ಲೇ ಇದ್ದ ದುಬಾರಿ ಯಂತ್ರದ ಬೆಲೆ, ಎರಡೇ ಸಾಲು. ಅರ್ಧ ದುಡ್ಡು ಒಪ್ಪಿದರು.

ಇವೆಲ್ಲ ಸೇರಿ ಅಧ್ಯಕ್ಷರ ಬಜೆಟ್ ಆಗುತ್ತದೆ. ಕಾಯಿದೆ ಪ್ರಕಾರ ಫೆಬ್ರವರಿ ಮೊದಲ ಸೋಮವಾರ ಕಾಂಗ್ರೆಸ್‌ಗೆ ಹೋಗಬೇಕು, ಎಷ್ಟೋ ಸಲ ತಡವಾಗುತ್ತದೆ. ಅಲ್ಲಿಯವರೆಗೆ ಅಂಕಿ ಹೊರಗೆ ಬಿಡುವಂತಿಲ್ಲ. ಆಮೇಲೆ ನಮ್ಮ ನಿರ್ದೇಶಕರು ಕಾಂಗ್ರೆಸ್ ಸಮಿತಿ ಮುಂದೆ ಕೂತಾಗ "ನಾವು ಕೇಳಿದ್ದು ಪೂರ್ತಿ, ಒಎಂಬಿ ಕೊಟ್ಟದ್ದು ಅರ್ಧ" ಅಂತ ದೂರುವಂತಿಲ್ಲ. ಅರ್ಧವೇ ಸಾಕು ಅನ್ನುವ ಮುಖ ಮಾಡಬೇಕು. ಆ ಮುಖ ಮಾಡುವುದೂ ಒಂದು ಸರ್ಕಾರಿ ಕೆಲಸವೇ.

ಕಾಂಗ್ರೆಸ್‌ಗೆ ಅಧ್ಯಕ್ಷರ ಲೆಕ್ಕ ನಂಬಬೇಕಾದ ಅಗತ್ಯವಿಲ್ಲ. ಅದಕ್ಕೇ 1974ರ ಕಾಯಿದೆಯಲ್ಲಿ ತನ್ನದೇ ಲೆಕ್ಕದ ಕಚೇರಿ ಮಾಡಿಕೊಂಡಿತು, ಅದೇ ಸಿಬಿಒ. ಮೊದಲ ನಿರ್ದೇಶಕಿ ಆಲಿಸ್ ರಿವ್ಲಿನ್, 1975ರಲ್ಲಿ ಬಂದರು. ಮುಂದೆ ಒಎಂಬಿಯನ್ನೂ ನಡೆಸಿದರು. ಸಿಬಿಒ ಇಂಥ ಮಸೂದೆ ಬಂದರೆ ಇಷ್ಟು ಖರ್ಚು, ಕೊರತೆ ಇಷ್ಟು ಅಂತ ಹೇಳುತ್ತದೆ. ಮಾಡಿ, ಬೇಡ ಅನ್ನುವುದಿಲ್ಲ. ತೆರಿಗೆ ಲೆಕ್ಕಕ್ಕೆ 1926ರಿಂದ ಬೇರೆಯೇ ಒಂದು ಜಂಟಿ ಸಮಿತಿ ಇದೆ. ಇವರ ಹೆಸರು ಪೇಪರ್‌ನಲ್ಲಿ ಜಾಸ್ತಿ ಬರುತ್ತದೆ, ಆದರೆ ಇವರು ಒಂದು ಡಾಲರ್ ಕೊಡುವವರೂ ಅಲ್ಲ, ತಡೆಯುವವರೂ ಅಲ್ಲ.

ಕೊಡುವುದು ಅಪ್ರೊಪ್ರಿಯೇಷನ್ ಸಮಿತಿಗಳು, ಅಂದರೆ ಕಾಂಗ್ರೆಸ್‌ನಲ್ಲಿ ದುಡ್ಡು ಮಂಜೂರು ಮಾಡುವ ಸಮಿತಿಗಳು. ಎರಡೂ ಸದನದಲ್ಲಿ 12 ಉಪಸಮಿತಿ, 12 ಮಸೂದೆ. ಅಕ್ಟೋಬರ್ 1ರ ಒಳಗೆ ಆಗಬೇಕು. ಎಲ್ಲವೂ ಸಮಯಕ್ಕೆ ಸರಿಯಾಗಿ ಆದದ್ದು ಕೊನೆಯ ಸಲ 1996ರಲ್ಲಿ. ಆಗ ನಾನಿನ್ನೂ ಈ ದೇಶಕ್ಕೇ ಬಂದಿರಲಿಲ್ಲ. ಆಗದಿದ್ದರೆ ಸಿಆರ್ ಅಂತ ಮಾಡುತ್ತಾರೆ, ನಮ್ಮ ಲೇಖಾನುದಾನದ ದೂರದ ನೆಂಟ. ಹೋದ ವರ್ಷದ ದರದಲ್ಲಿ ನಡೆಸಿಕೊಂಡು ಹೋಗಿ, ಹೊಸದೇನೂ ಶುರು ಮಾಡಬೇಡಿ ಅಂತ. ನಮ್ಮ ಏಸಿ ಹೊಸದು! ಹಾಗಾಗಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಕೆಟ್ ಅಲ್ಲೇ ಇತ್ತು. ಪ್ರತಿ ಸೋಮವಾರ ಬೆಳಗ್ಗೆ ಒಬ್ಬ ಪಿಎಚ್‌ಡಿ ಮಾಡಿದ ವಿಜ್ಞಾನಿ ಅದನ್ನು ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿಯುತ್ತಿದ್ದರು.

ಮಾರ್ಚ್‌ನಲ್ಲಿ ಕಾಯಿದೆ ಆಯಿತು. ಮಂಜೂರು! ಇನ್ನು ಬಿಡುಗಡೆ. ಟ್ರೆಶರಿ ವಾರಂಟ್ ಅನ್ನುವ ಕಾಗದ ಕೊಟ್ಟು ನಮ್ಮ ಖಾತೆಯಲ್ಲಿ ಹಣ ತೋರಿಸಬೇಕು. ಆದರೂ ಮುಟ್ಟುವಂತಿಲ್ಲ. ಮತ್ತೆ ಒಎಂಬಿ! ಅದು ಅಪೋರ್ಷನ್‌ಮೆಂಟ್ ಮಾಡಬೇಕು, ಅಂದರೆ ಈ ತ್ರೈಮಾಸಿಕಕ್ಕೆ ಇಷ್ಟು, ಈ ಬಾಬ್ತಿಗೆ ಇಷ್ಟು ಅಂತ ಬಿಡಬೇಕು. ಅದರಲ್ಲಿ ಅಡಿಟಿಪ್ಪಣಿಗಳಿರುತ್ತವೆ, ಅವಕ್ಕೂ ಕಾಯಿದೆಯ ಬಲ ಇದೆ. ನಮ್ಮದರಲ್ಲಿ "ಖರ್ಚಿನ ಯೋಜನೆ ಕಳಿಸಿದ ಮೇಲೆ" ಅಂತ ಒಂದು ಸಾಲಿತ್ತು. ಆ ಒಂದು ಸಾಲಿಗೆ ಐದು ವಾರ. ಬಜೆಟ್ ಬಗ್ಗೆ ಮಾತಾಡುವವರು ಕಾಂಗ್ರೆಸ್ ಜಗಳವನ್ನೇ ನೋಡುತ್ತಾರೆ. ನನ್ನನ್ನು ಕೇಳಿದರೆ ನಿಜವಾದ ನಲ್ಲಿ ಇರುವುದು ಈ ಅಡಿಟಿಪ್ಪಣಿಯಲ್ಲಿ. 2022ರ ಒಂದು ಕಾಯಿದೆಯಿಂದ ಈ ಕಾಗದಗಳನ್ನು ಜನರಿಗೆ ಕಾಣುವಂತೆ ವೆಬ್‌ಸೈಟಿಗೆ ಹಾಕಬೇಕು ಅಂತಾಯಿತು. 2025ರಲ್ಲಿ ಒಎಂಬಿ ಅದನ್ನು ತೆಗೆಯಿತು, ಕೋರ್ಟ್ ಹೇಳಿದ ಮೇಲೆ ಮತ್ತೆ ಹಾಕಿತು. ಅದಕ್ಕಾಗಿ ಕೋರ್ಟಿಗೆ ಹೋಗುತ್ತಾರೆ ಅಂದರೆ ಅದರ ಬೆಲೆ ಗೊತ್ತಾಯಿತಲ್ಲ.

ಆಮೇಲೆ ನಮ್ಮ ಓಟ. ಒಂದು ವರ್ಷದ ದುಡ್ಡು ಅಂದರೆ ಸೆಪ್ಟೆಂಬರ್ 30ರ ಒಳಗೆ ಗುತ್ತಿಗೆಗೆ ಸಹಿ ಬೀಳಬೇಕು, ಇಲ್ಲದಿದ್ದರೆ ಹೊಸ ಕೆಲಸಕ್ಕೆ ಆ ದುಡ್ಡು ಇಲ್ಲ. ಊರಲ್ಲಿ ಮಾರ್ಚ್ 31ರ ರಾತ್ರಿ ಅಪ್ಪ ಮನೆಗೆ ಬರುತ್ತಿರಲಿಲ್ಲ, ಅಮ್ಮ ಟಿಫನ್ ಕ್ಯಾರಿಯರ್ ಕೊಟ್ಟು ಕಳಿಸುತ್ತಿದ್ದಳು. ನಾನು ಸೆಪ್ಟೆಂಬರ್ ಕೊನೆ ವಾರ ಚಿತ್ರಾನ್ನದ ಡಬ್ಬಿ ಎರಡು ಒಯ್ಯುತ್ತಿದ್ದೆ. ಸಹಿ ಬಿದ್ದದ್ದು 28ಕ್ಕೆ. ಕೆಲಸ ಮುಗಿದ ಮೇಲೆ ಬಿಲ್ಲನ್ನು ನಾವು ಪರಿಶೀಲಿಸಿ ಕಳಿಸಿದೆವು, ದುಡ್ಡು ಹಾಕಿದ್ದು ಟ್ರೆಶರಿಯ ಬ್ಯೂರೋ ಆಫ್ ದಿ ಫಿಸ್ಕಲ್ ಸರ್ವಿಸ್. ಸರ್ಕಾರದ ಪಾವತಿಗಳಲ್ಲಿ ಹೆಚ್ಚಿನವು ಅವರ ಮೂಲಕವೇ. ಅವರು ನೋಟು ಅಚ್ಚು ಹಾಕುವವರಲ್ಲ, ನಮ್ಮ ಖಜಾನೆ ಥರ.

ಕೇಳಿದ ದಿನದಿಂದ ಸಹಿ ಬೀಳುವ ತನಕ ಎರಡು ವರ್ಷ. ಉದ್ದ ಆಯಿತು, ಕ್ಷಮಿಸಿ.

ತುಂಗಾತೀರ_ವರ್ಜೀನಿಯಾ

ಅಕ್ಕ, ನಾನು ಗುತ್ತಿಗೆ ಕಂಪನಿಯಲ್ಲಿ ಇರುವವನು. ನೀವು ಅಂದ ಆ ಸೆಪ್ಟೆಂಬರ್ 28ರ ಸಹಿಯ ಇನ್ನೊಂದು ತುದಿಯಲ್ಲಿ ನಾವು ಫೋನ್ ಹಿಡಿದು ಕಾಯುತ್ತಿರುತ್ತೇವೆ. ಒಂದು ವಿಷಯ ಸೇರಿಸುತ್ತೇನೆ. ಶಟ್‌ಡೌನ್ ಮುಗಿದ ಮೇಲೆ ಸರ್ಕಾರಿ ನೌಕರರಿಗೆ ಹಿಂದಿನ ಸಂಬಳ ಸಿಗಬೇಕು ಅಂತ 2019ರಲ್ಲಿ ಕಾಯಿದೆ ಆಯಿತು. ನಮಗೆ ಅಂಥದ್ದೇನೂ ಇಲ್ಲ. ಈ ಸಲ 43 ದಿನದಲ್ಲಿ 15 ದಿನ ನನ್ನ ರಜೆ ತಿಂದೆ, ಉಳಿದದ್ದು ಖಾಲಿ ಕೈ. ದೀಪಾವಳಿಗೆ ಮಕ್ಕಳಿಗೆ ಬಟ್ಟೆ ತಂದದ್ದು ಕ್ರೆಡಿಟ್ ಕಾರ್ಡ್‌ನಲ್ಲಿ.

ಗಾಂಧಿಬಜಾರ್_ಆಡಿಟರ್

ಬೆಂಗಳೂರಿನಿಂದ ಓದುತ್ತಿದ್ದೇನೆ. ವೃತ್ತಿಯಲ್ಲಿ ಸಿಎ. ಮೇಡಂ, ಜಿಎಒ ಬಿಟ್ಟಿರಲ್ಲ? ಅದು ನಮ್ಮ ಸಿಎಜಿ ಇದ್ದ ಹಾಗಾ? ಮತ್ತೆ ಇನ್ನೊಂದು. ಕಾಂಗ್ರೆಸ್ ಮಂಜೂರು ಮಾಡಿದ್ದನ್ನು ಒಎಂಬಿ ಬಿಡದೇ ಸುಮ್ಮನೆ ಕೂತರೆ? ನಮ್ಮಲ್ಲಿ ಬಜೆಟ್‌ನಲ್ಲಿ ಘೋಷಿಸಿ ಬಿಡುಗಡೆ ಮಾಡದೇ ಇರುವುದು ಮಾಮೂಲು.

ಖಜಾನೆ_ಮಗಳು

ತುಂಗಾತೀರದವರೇ, ನೀವು ಹೇಳಿದ್ದು ನಿಜ. 2018ರ ಡಿಸೆಂಬರ್ 22ರಿಂದ 35 ದಿನ ನಾನೂ ಮನೆಯಲ್ಲಿದ್ದೆ, ದುಡ್ಡು ಆಮೇಲೆ ಬಂತು. ನಮ್ಮ ಕಚೇರಿ ಸ್ವಚ್ಛ ಮಾಡುತ್ತಿದ್ದ ಗುತ್ತಿಗೆಯ ಹೆಂಗಸಿಗೆ ಬರಲಿಲ್ಲ. ಅವರ ಮುಖ ನೋಡಲು ನಾಚಿಕೆ ಆಗುತ್ತಿತ್ತು. ಆಗ ಪುಕ್ಕಟೆಯಾಗಿ ಕೆಲಸ ಮಾಡುತ್ತೇನೆ ಅಂದರೂ ಬಿಡುವುದಿಲ್ಲ. ಆಂಟಿ ಡೆಫಿಷಿಯೆನ್ಸಿ ಆಕ್ಟ್ ಅಂತ 19ನೇ ಶತಮಾನದಿಂದ ಬಂದ ಕಾಯಿದೆ: ಮಂಜೂರಿಲ್ಲದೆ ಸರ್ಕಾರದ ಹೆಸರಲ್ಲಿ ಖರ್ಚು ಒಪ್ಪಿಕೊಳ್ಳುವಂತಿಲ್ಲ, ಬಿಟ್ಟಿ ಸೇವೆಯನ್ನೂ ತೆಗೆದುಕೊಳ್ಳುವಂತಿಲ್ಲ. ಪ್ರಾಣ, ಆಸ್ತಿ ಕಾಪಾಡುವ ಕೆಲಸಕ್ಕೆ ಮಾತ್ರ ವಿನಾಯಿತಿ. ಆಫೀಸ್ ಮೇಲ್ ತೆರೆಯಬೇಡಿ ಅಂತ ಬರೆದ ಕಾಗದಕ್ಕೆ ಸಹಿ ಹಾಕಿ ಮನೆಗೆ ಹೋಗಬೇಕು.

ಆಡಿಟರ್ ಸರ್, ಜಿಎಒ ಸಿಎಜಿಯ ಸೋದರಸಂಬಂಧಿ, ಅವಳಿ ಅಲ್ಲ. ಹುಟ್ಟಿದ್ದು 1921ರ ಅದೇ ಕಾಯಿದೆಯಲ್ಲಿ, ಈಗಿನ ಹೆಸರು 2004ರಿಂದ. ನಮ್ಮ ಸಿಎಜಿ ಸಂವಿಧಾನದ ಹುದ್ದೆ. ಇಲ್ಲಿ ಜಿಎಒ ಕಾಂಗ್ರೆಸ್‌ನ ಕೈ. ಮುಖ್ಯಸ್ಥರಿಗೆ 15 ವರ್ಷದ ಅವಧಿ, ಹಾಗಾಗಿ ಯಾವ ಅಧ್ಯಕ್ಷರಿಗೂ ಹೆದರಬೇಕಿಲ್ಲ. ಎಲ್ಲ ಸಂಸ್ಥೆಗಳ ಬಿಲ್ಲನ್ನೂ ಅವರು ಕೂತು ನೋಡುವುದಿಲ್ಲ, ಅದಕ್ಕೆ ಸಂಸ್ಥೆಯಲ್ಲೇ ಇನ್‌ಸ್ಪೆಕ್ಟರ್ ಜನರಲ್ (ಪೊಲೀಸ್ ಅಲ್ಲ, ಒಳಗಿನ ತಪಾಸಣೆಯವರು) ಇರುತ್ತಾರೆ. ನಮ್ಮ ಏಸಿ ಕಡತ ಕೇಳಿಕೊಂಡು ಬಂದದ್ದೂ ಆ ಕಡೆಯವರೇ. ಬಕೆಟ್ ಫೋಟೋ ನೋಡಿ "ಇದು ಯಾವ ಅನುಬಂಧ?" ಅಂದರು. ಜಿಎಒ ಇಡೀ ಸರ್ಕಾರದ ಒಟ್ಟು ಲೆಕ್ಕ ನೋಡುತ್ತದೆ. ನೀವು ಸಿಎ, ನಿಮಗೆ ಖುಷಿ ಆಗಬಹುದು: 1997ರ ಲೆಕ್ಕದಿಂದ ಇವತ್ತಿನವರೆಗೆ ಒಂದು ವರ್ಷವೂ ಅವರು ಅಭಿಪ್ರಾಯ ಕೊಡಲು ಆಗಿಲ್ಲ. ಡಿಸ್‌ಕ್ಲೈಮರ್! ದೊಡ್ಡ ಕಾರಣ ರಕ್ಷಣಾ ಇಲಾಖೆಯ ಪುಸ್ತಕಗಳು.

ಬಿಡದೇ ಕೂತರೆ ಅನ್ನುವುದು ಈಗಿನ ಬಿಸಿ ಪ್ರಶ್ನೆ. ಅಧ್ಯಕ್ಷರಾಗಿದ್ದ ನಿಕ್ಸನ್ ಹಾಗೆ ಮಾಡಿದ್ದಕ್ಕೇ 1974ರ ಕಾಯಿದೆ ಬಂದದ್ದು. ಅಧ್ಯಕ್ಷರಿಗೆ ದುಡ್ಡು ಬೇಡ ಅನ್ನಿಸಿದರೆ ಕಾಂಗ್ರೆಸ್‌ಗೆ ಬರೆಯಬೇಕು. ಕಾಂಗ್ರೆಸ್ 45 ದಿನದಲ್ಲಿ ಒಪ್ಪದಿದ್ದರೆ ದುಡ್ಡು ಬಿಡಬೇಕು. ಕಾವಲುಗಾರ ಜಿಎಒ. 2020ರ ಜನವರಿಯಲ್ಲಿ ಉಕ್ರೇನ್ ನೆರವು ತಡೆದದ್ದು ಈ ಕಾಯಿದೆಗೆ ವಿರುದ್ಧ ಅಂತ ಹೇಳಿದ್ದು ಅವರೇ. ತಡೆದದ್ದು ಹೇಗೆ ಗೊತ್ತಾ? ಅಪೋರ್ಷನ್‌ಮೆಂಟ್ ಅಡಿಟಿಪ್ಪಣಿಯಲ್ಲಿ!

ಆದರೆ ಕಾಯಿದೆಯಲ್ಲಿ ಒಂದು ಸಂದಿ ಇದೆ. ವರ್ಷ ಮುಗಿಯಲು 45 ದಿನಕ್ಕಿಂತ ಕಮ್ಮಿ ಇದ್ದಾಗ ಬರೆದರೆ? ಕಾಂಗ್ರೆಸ್ ಯೋಚನೆ ಮಾಡುವಷ್ಟರಲ್ಲಿ ದುಡ್ಡೇ ಸತ್ತು ಹೋಗುತ್ತದೆ. 2025ರ ಆಗಸ್ಟ್ ಕೊನೆಗೆ ವಿದೇಶಿ ನೆರವಿನ 490 ಕೋಟಿ ಡಾಲರ್‌ಗೆ ಹೀಗೇ ಆಯಿತು. ಜಿಎಒ ಇದು ತಪ್ಪು ಅನ್ನುತ್ತಾ ಬಂದಿದೆ. ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ, ಕೊನೆಯ ತೀರ್ಪಿಲ್ಲದೆ, ಸದ್ಯಕ್ಕೆ ತಡೆಹಿಡಿಯಲು ಬಿಟ್ಟಿತು. ನನಗಂತೂ ಇದು ಸರಿ ಕಾಣುವುದಿಲ್ಲ. ಯಾವ ಪಕ್ಷ ಮಾಡಿದರೂ ಅಷ್ಟೇ. ದುಡ್ಡು ಬೇಡವಾದರೆ ಎದುರಿಗೆ ನಿಂತು ಬೇಡ ಅನ್ನಬೇಕು. ಕ್ಯಾಲೆಂಡರ್ ಕೈಯಲ್ಲಿ ಹೇಳಿಸಬಾರದು.

ಬೆಣ್ಣೆದೋಸೆ_ಕೊಲಂಬಸ್

ಅಕ್ಕ, ತುಂಬಾ ಥ್ಯಾಂಕ್ಸ್. ಎಲ್‌ಸಿಎಗೆ ಶುಲ್ಕವೇ ಇಲ್ಲ ಅನ್ನುವುದು ಗೊತ್ತೇ ಇರಲಿಲ್ಲ, ಎಲ್ಲ ಕಂಪನಿಯ ವಕೀಲರೇ ಮಾಡುತ್ತಾರೆ. ನನ್ನ ಹೆಂಡತಿಗೆ 2026ರ ಮಾರ್ಚ್‌ನಲ್ಲಿ ಇದೇ ಬದಲಾವಣೆ ಬರುತ್ತಿದೆ. ಮತ್ತೆ ಮುಚ್ಚುತ್ತಾರಾ? ಮತ್ತೆ ಆ ಬಕೆಟ್ ಏನಾಯಿತು?

ಖಜಾನೆ_ಮಗಳು

ನವೆಂಬರ್ 12ರ ಕಾಯಿದೆಯಲ್ಲಿ ಪೂರ್ತಿ ವರ್ಷಕ್ಕೆ ದುಡ್ಡು ಸಿಕ್ಕಿದ್ದು ಮೂರು ಮಸೂದೆಯ ಬಾಬ್ತುಗಳಿಗೆ ಮಾತ್ರ: ಕೃಷಿ, ಸೈನಿಕ ಕಟ್ಟಡಗಳ ಜೊತೆ ಮಾಜಿ ಯೋಧರ ಇಲಾಖೆ, ಮತ್ತೆ ಕಾಂಗ್ರೆಸ್ಸಿನದೇ ಖರ್ಚು. (ತಮ್ಮ ಖರ್ಚು ಮೊದಲು ಮಾಡಿಕೊಂಡರು, ಹೌದು.) ಕಾರ್ಮಿಕ ಇಲಾಖೆ ಉಳಿದ ಗುಂಪಿನಲ್ಲಿದೆ, ಅದಕ್ಕೆ 2026ರ ಜನವರಿ 30ರವರೆಗೆ ಸಿಆರ್. ಎಲ್‌ಸಿಎಯನ್ನು ಕೆಲಸ ಶುರುವಾಗುವ ಆರು ತಿಂಗಳು ಮೊದಲೇ ಹಾಕಬಹುದು. ಜನವರಿ ಮೊದಲ ವಾರದಲ್ಲೇ ಹಾಕಿಸಿ ಅಂತ ಅವರ ವಕೀಲರಿಗೆ ಇವತ್ತೇ ಮೇಲ್ ಮಾಡಿಸಿ. ಅದು ತಪ್ಪಿ ತಡವಾದರೆ, ಏಳು ಕೆಲಸದ ದಿನ ಎಣಿಸುವಾಗ ನಡುವೆ ಬರುವ ಮಾರ್ಟಿನ್ ಲೂಥರ್ ಕಿಂಗ್ ರಜೆ ಮರೆಯಬೇಡಿ.

ಬಕೆಟ್ ನನ್ನದೇ, ಮನೆಯಿಂದ ಒಯ್ದದ್ದು. ಸ್ವಂತ ಸಾಮಾನನ್ನು ಸರ್ಕಾರಕ್ಕೆ ಕೊಡುವುದೂ ನಿಯಮಕ್ಕೆ ಪೂರ್ತಿ ಸರಿಯಲ್ಲ, ಅದಕ್ಕೇ ಆ ಆಡಿಟ್‌ನವರಿಗೆ ಯಾರದು ಅಂತ ಹೇಳಲಿಲ್ಲ. ಏಸಿ ಬಂದ ದಿನ ವಾಪಸ್ ತಂದೆ. ಈಗ ಅದರಲ್ಲಿ ಕರಿಬೇವು ಇದೆ. ಚಳಿಗೆ ಒಳಗೆ ಇಟ್ಟಿದ್ದೇನೆ.